ಗೋಡೆ ನಮ್ಮದು, ಪೆಟ್ಟಿಗೆ ಯಾರದು?

ಹೊಸ ಮನೆಯ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ನಮ್ಮಲ್ಲಿ ಮನೆಮಂದಿಯೆಲ್ಲ ಕೂತು ಮಾತಾಡುತ್ತಾರೆ. ಕ್ಯಾಲೆಂಡರಿಗೆ ಆ ಕಡೆಯೋ ಈ ಕಡೆಯೋ, ದೇವರ ಪಟ ಎಷ್ಟು ಎತ್ತರಕ್ಕೆ, ಪ್ಲಾಸ್ಟರ್ ಬಿರುಕು ಬಿಟ್ಟೀತೇ ಎಂದು ಅರ್ಧ ದಿನ ಚರ್ಚೆ. ಅದೇ ಮನೆಯ ಹೊರಗೋಡೆಗೆ, ಬಣ್ಣದ ವಾಸನೆ ಹೋಗುವ ಮೊದಲೇ, ಏಣಿ ಹೊತ್ತು ಬಂದ ಹುಡುಗನೊಬ್ಬ ಡ್ರಿಲ್ ಹಿಡಿದು ನಾಲ್ಕು ತೂತು ಕೊರೆದು, ಒಂದು ಡಬ್ಬಿ ಬಿಗಿದು, ಮುಚ್ಚಳ ಭದ್ರ ಮಾಡಿಕೊಂಡು ಹೋಗುತ್ತಾನೆ. ನಾವು ಏಣಿಯ ಬುಡ ಹಿಡಿದು ನಿಂತು, ಕುಡಿಯಲು ನೀರು ಕೊಟ್ಟು, "ಇವತ್ತೇ ಬರುತ್ತಾ ಚಾನೆಲ್ಲು?" ಎಂದಷ್ಟೇ ಕೇಳುತ್ತೇವೆ. ಡಬ್ಬಿಯೊಳಗೆ ಏನಿದೆ, ಅದನ್ನು ತೆರೆಯುವ ಹಕ್ಕು ಯಾರಿಗೆ, ನಾಳೆ ಬೇಡವಾದರೆ ಕಳಚುವವರು ಯಾರು, ಇದು ಯಾವುದೂ ಆ ಹೊತ್ತಿನಲ್ಲಿ ಹೊಳೆಯುವುದಿಲ್ಲ.

ಕರೆಂಟಿನ ವಿಷಯದಲ್ಲಾದರೆ ನಮಗೆ ಲೆಕ್ಕಾಚಾರ ಚೆನ್ನಾಗಿ ಗೊತ್ತು. ದೀಪ ಆರಿದ ಕೂಡಲೇ ಮನೆಯೊಳಗಿಂದ ಒಂದು ಕೂಗು ಬರುತ್ತದೆ: "ಪಕ್ಕದ ಮನೇಲಿ ಇದೆಯಾ ನೋಡು!" ಪಕ್ಕದ ಮನೆಯಲ್ಲೂ ಕತ್ತಲಾಗಿದ್ದರೆ ಸರಿ, ಮೇಣದ ಬತ್ತಿ ಹಚ್ಚಿ ಕೂರುವುದು. ಅಲ್ಲಿ ದೀಪ ಉರಿಯುತ್ತಿದ್ದರೆ ನಮ್ಮ ಎಂಸಿಬಿ ನೋಡುವುದು. ಮೀಟರಿನವರೆಗೆ ಅವರದು, ಮೀಟರಿನಿಂದ ಈಚೆಗೆ ನಮ್ಮದು. ಮೀಟರಿಗೆ ಸೀಲು ಹಾಕಿದ್ದಾರೆ, ಅದನ್ನು ತಿದ್ದಲು ಹೋದರೆ 2003ರ ವಿದ್ಯುತ್ ಕಾಯ್ದೆಯಲ್ಲಿ ಅದು ಕಳ್ಳತನ. ಆದರೂ ಯಾರಿಗೂ ಆ ಸೀಲಿನ ಮೇಲೆ ಸಿಟ್ಟಿಲ್ಲ. ಏಕೆಂದರೆ ಮೀಟರಿಗೆ ಗಾಜಿದೆ. ಮುಟ್ಟುವ ಹಾಗಿಲ್ಲ, ಆದರೆ ನೋಡಬಹುದು. ಬಿಲ್ಲಿನ ಅಂಕಿಯನ್ನೂ ಮೀಟರಿನ ಅಂಕಿಯನ್ನೂ ತಾಳೆ ಹಾಕಬಹುದು.

ಕೇಬಲ್ ಪೆಟ್ಟಿಗೆಗೆ ಗಾಜೂ ಇಲ್ಲ, ಗೆರೆಯೂ ಇಲ್ಲ. ಟೀವಿ ಹೋಯಿತೆಂದು ಫೋನ್ ಮಾಡಿದರೆ ಬರುವ ಉತ್ತರ ಎಲ್ಲರಿಗೂ ಬಾಯಿಪಾಠ: "ಸಾರ್, ಸೆಟ್‌ಟಾಪ್ ಬಾಕ್ಸ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ." ಮಾಡಿದ್ದಾಯಿತು. "ಹಾಗಾದ್ರೆ ನಿಮ್ ಟೀವಿನೇ ಪ್ರಾಬ್ಲಂ ಇರ್ಬೇಕು, ನಮ್ ಲೈನ್ ಕ್ಲಿಯರ್ ಇದೆ." ಲೈನ್ ಕ್ಲಿಯರ್ ಇದೆಯೋ ಇಲ್ಲವೋ ಎಂದು ನೋಡಬಹುದಾದ ಜಾಗ ನಮ್ಮ ಗೋಡೆಯ ಮೇಲೇ ಇದೆ, ಕೈಗೆಟುಕುವಷ್ಟು ಹತ್ತಿರದಲ್ಲಿದೆ. ಆದರೆ ಅದನ್ನು ತೆರೆಯಲು ಅವರೇ ಬರಬೇಕು. ಅವರು ಬರುವುದು ಶನಿವಾರ.

ಕಳೆದ ಮಳೆಗಾಲದಲ್ಲಿ ನಮ್ಮ ಮನೆಗೆ ಹಾಗೆ ಬಂದ ಹುಡುಗ ಪೆಟ್ಟಿಗೆ ತೆರೆದಾಗ ನಾನು ಪಕ್ಕದಲ್ಲೇ ನಿಂತು ನೋಡಿದೆ. ಒಳಗಿದ್ದದ್ದು ಅಂಗೈಯಗಲದ ಲೋಹದ ಸ್ಪ್ಲಿಟರ್. ಒಂದು ಕಡೆ 'ಇನ್', ಮೂರು ಕಡೆ 'ಔಟ್'. ಮೇಲಿನ ವೈರಿನ ಗುಂಟ ಇಳಿದ ನೀರು ನೇರವಾಗಿ 'ಇನ್' ಕನೆಕ್ಟರಿನೊಳಕ್ಕೇ ಹೋಗಿತ್ತು. ಅವನು ಅದನ್ನು ತಿರುಗಿಸಿ ಬಿಚ್ಚಿದಾಗ, ನಡುವಿನ ತಾಮ್ರದ ಎಳೆ ಹಿತ್ತಾಳೆ ಚೊಂಬಿಗೆ ಕಿಲುಬು ಹಿಡಿದ ಹಾಗೆ ಹಸಿರಾಗಿತ್ತು. ಬ್ಲೇಡಿನಿಂದ ಹಾಳಾದ ತುದಿ ಕತ್ತರಿಸಿದ. ಕಪ್ಪು ಸಿಪ್ಪೆ ಸುಲಿದ. ಒಳಗಿನ ಹೆಣೆದ ತಂತಿಯನ್ನು ಹಿಂದಕ್ಕೆ ಮಡಚಿದ. ಬಿಳಿ ಪದರವನ್ನು ಸುತ್ತಲೂ ಕೊಯ್ದು ಎಳೆದ. ಹೊಸ ಕನೆಕ್ಟರ್ ತೂರಿಸಿ, ತಾಮ್ರದ ಎಳೆ ಬಾಯಿಂದ ಒಂಚೂರು ಹೊರಗಿಣುಕುವಷ್ಟು ಬಿಟ್ಟು, ಇಕ್ಕಳದಲ್ಲಿ ಒತ್ತಿದ. ಐದು ನಿಮಿಷದ ಕೆಲಸ. ಬಲು ಚೊಕ್ಕ ಕೈ. ಹೋಗುವ ಮೊದಲು ವೈರನ್ನು ಪೆಟ್ಟಿಗೆಯ ಕೆಳಗಿಂದ ಒಂದು ಸುತ್ತು ಬಳಸಿ ತಂದ, ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗಲಿ ಎಂದು. "ಮೊದ್ಲೇ ಹಿಂಗ್ ಮಾಡಿದ್ರೆ ಇಷ್ಟ್ ತೊಂದ್ರೆ ಇರ್ಲಿಲ್ಲ ಅಂಕಲ್" ಎಂದ. ಅದುವರೆಗೆ ಟೀವಿಯದೇ ದೋಷ ಎನ್ನುತ್ತಿದ್ದವರ ಮಾತು ಆ ಹಸಿರು ಬಣ್ಣದ ಮುಂದೆ ನಿಲ್ಲಲಿಲ್ಲ.

ನ್ಯೂಜೆರ್ಸಿಯಲ್ಲಿ ನನ್ನ ಅಕ್ಕನ ಮಗಳ ಮನೆ ಇದೆ. ಅಲ್ಲಿಗೆ ಹೋಗಿದ್ದಾಗ ಮನೆ ಸುತ್ತ ಒಂದು ಸುತ್ತು ಹಾಕುವುದು ನನ್ನ ಬೆಳಗಿನ ಅಭ್ಯಾಸವಾಗಿತ್ತು. ಗ್ಯಾರೇಜಿನ ಪಕ್ಕದ ಗೋಡೆಯ ಮೇಲೆ ಎರಡು ಬೂದು ಪೆಟ್ಟಿಗೆಗಳು. ಒಂದು ಹಳೆಯ ಫೋನ್ ಕಂಪನಿಯದು, ಇನ್ನೊಂದು ಕೇಬಲ್ ಕಂಪನಿಯದು. ಫೋನ್ ಪೆಟ್ಟಿಗೆಯಲ್ಲಿ ಎರಡು ಭಾಗ. ಒಂದು ಭಾಗ ಕಂಪನಿಯವರಿಗೆ, ಅದರ ತಿರುಪು ತೆಗೆಯಲು ಅವರದೇ ವಿಶೇಷ ಸ್ಪ್ಯಾನರ್ ಬೇಕು. ಇನ್ನೊಂದು ಭಾಗ ಮನೆಯವರಿಗೆ ಎಂದು ಮುಚ್ಚಳದ ಮೇಲೇ ಬರೆದಿದೆ, ಮನೆಯಲ್ಲಿರುವ ಮಾಮೂಲಿ ಸ್ಕ್ರೂಡ್ರೈವರಿನಿಂದ ತೆರೆಯಬಹುದು. ಒಳಗೆ ಫೋನಿನ ಪಿನ್ನು ಸಿಕ್ಕಿಸುವ ಒಂದು ಪುಟ್ಟ ಜ್ಯಾಕು. ಮನೆಯೊಳಗಿನ ವೈರನ್ನು ಅದರಿಂದ ತೆಗೆದು, ಚೆನ್ನಾಗಿರುವ ಒಂದು ಫೋನನ್ನು ಅಲ್ಲಿಗೆ ಸಿಕ್ಕಿಸಿ ಕೇಳುವುದು. ಸದ್ದು ಬಂದರೆ ದೋಷ ಮನೆಯೊಳಗೆ, ಬಾರದಿದ್ದರೆ ದೋಷ ಕಂಪನಿಯ ಕಡೆ. ಹೊಲಗಳ ನಡುವಿನ ಬಾಂದುಕಲ್ಲಿನ ಹಾಗೆ ಆ ಜ್ಯಾಕು ನಿಂತಿದೆ: ಇಲ್ಲಿಯವರೆಗೆ ನಿನ್ನದು, ಇಲ್ಲಿಂದಾಚೆ ನನ್ನದು.

ಈ ಎರಡು ಭಾಗದ ಪೆಟ್ಟಿಗೆ ಕಂಪನಿಗಳ ಔದಾರ್ಯದಿಂದ ಹುಟ್ಟಿದ್ದಲ್ಲ. ಒಂದು ಕಾಲಕ್ಕೆ ಅಮೆರಿಕದಲ್ಲಿ ಟೆಲಿಫೋನು, ಅದರ ತಂತಿ, ಗೋಡೆಯೊಳಗಿನ ವೈರು ಎಲ್ಲವೂ ಕಂಪನಿಯದೇ. ಮಾತು ಪಕ್ಕದವರಿಗೆ ಕೇಳದಿರಲಿ ಎಂದು ಫೋನಿನ ಬಾಯಿಗೆ ಸಿಕ್ಕಿಸುವ 'ಹಷ್-ಎ-ಫೋನ್' ಎಂಬ ಬಟ್ಟಲಿನಂಥ ವಸ್ತುವಿಗೂ ಎಟಿ ಅಂಡ್ ಟಿ ಕಂಪನಿ ತಕರಾರು ತೆಗೆದಿತ್ತು. 1956ರಲ್ಲಿ ಕೋರ್ಟು ಗ್ರಾಹಕನ ಪರ ನಿಂತಿತು. 1968ರಲ್ಲಿ 'ಕಾರ್ಟರ್‌ಫೋನ್' ಪ್ರಕರಣದಲ್ಲಿ ಅಲ್ಲಿನ ಸಂಪರ್ಕ ಆಯೋಗ, ಜಾಲಕ್ಕೆ ಹಾನಿಯಾಗದಿದ್ದರೆ ಹೊರಗಿನ ಉಪಕರಣವನ್ನೂ ಲೈನಿಗೆ ಜೋಡಿಸಬಹುದು ಎಂದಿತು. 1984ರಲ್ಲಿ ಆ ದೈತ್ಯ ಕಂಪನಿಯೇ ಹೋಳಾಯಿತು. ಯಾರ ವೈರು ಎಲ್ಲಿ ಮುಗಿಯುತ್ತದೆ ಎಂದು ಗುರುತು ಹಾಕಲೇಬೇಕಾಗಿ ಬಂದಾಗ ಆ ಗುರುತು ಪೆಟ್ಟಿಗೆಯ ರೂಪದಲ್ಲಿ ಗೋಡೆಗೇರಿತು.

ಪಕ್ಕದ ಕೇಬಲ್ ಪೆಟ್ಟಿಗೆಗೆ ಮಾತ್ರ ಒಂದೇ ಮುಚ್ಚಳ. ಅದಕ್ಕೂ ಮಾಮೂಲಿ ಸ್ಕ್ರೂಡ್ರೈವರ್ ಹತ್ತದ ತಿರುಪು. ಕೇಬಲ್ ವೈರಿಗೂ ಅಲ್ಲಿ ನಿಯಮ ಇಲ್ಲದಿಲ್ಲ. 1992ರ ಕೇಬಲ್ ಕಾಯ್ದೆಯ ನಂತರ ಬಂದ ನಿಯಮದ ಪ್ರಕಾರ, ಬಿಡಿ ಮನೆಗಳಲ್ಲಿ ವೈರು ಮನೆಯನ್ನು ಹೊಕ್ಕುವ ಜಾಗದಿಂದ ಹೊರಕ್ಕೆ ಸುಮಾರು ಹನ್ನೆರಡು ಇಂಚಿನಲ್ಲಿ ಗಡಿ. ಅಂದರೆ ಒಂದಡಿ. ಆದರೆ ಆ ಒಂದಡಿ ಬಹಳ ಮನೆಗಳಲ್ಲಿ ಬೀಗದ ಪೆಟ್ಟಿಗೆಯ ಒಳಗೇ ಬಂದು ಕೂತಿರುತ್ತದೆ. ಕಾಗದದ ಮೇಲೆ ಮನೆಯವರದಾದ ವೈರಿನ ತುದಿ, ಮನೆಯವರ ಕೈಗೆ ಸಿಗದ ಮುಚ್ಚಳದ ಕೆಳಗೆ! ಅಕ್ಕನ ಮಗಳು ಅದನ್ನು ತೋರಿಸಿ, "ಮಾವಾ, ಇದನ್ನ ನಾನು ತೆಗೆದ್ರೆ ತಪ್ಪಾ?" ಎಂದು ಕೇಳಿದಳು. ಆ ಪ್ರಶ್ನೆ ನ್ಯಾಯವಾದದ್ದು ಎಂದೇ ನನಗೆ ಅನ್ನಿಸುತ್ತದೆ.

ಈ ಗೋಡೆಯ ಪ್ರಶ್ನೆ ಅಲ್ಲಿನ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. 1971ರಲ್ಲಿ ಲೊರೆಟ್ಟೊ ಎಂಬ ಮಹಿಳೆ ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಐದು ಮಹಡಿಯ ಬಾಡಿಗೆ ಕಟ್ಟಡ ಕೊಂಡರು. ಚಾವಣಿಯ ಮೇಲೆ ಟೆಲಿಪ್ರಾಂಪ್ಟರ್ ಎಂಬ ಕೇಬಲ್ ಕಂಪನಿಯ ತಂತಿಯೂ ಎರಡು ಬೆಳ್ಳಿ ಬಣ್ಣದ ಪೆಟ್ಟಿಗೆಗಳೂ ಇರುವುದು ಅವರಿಗೆ ತಿಳಿದದ್ದು ಆಮೇಲೆ. ತಂತಿಯ ದಪ್ಪ ಅರ್ಧ ಇಂಚಿಗಿಂತ ಕಡಿಮೆ. ಮನೆ ಮಾಲೀಕರು ಕೇಬಲ್ಲಿಗೆ ಅಡ್ಡಿ ಮಾಡಬಾರದು ಎಂದು ನ್ಯೂಯಾರ್ಕ್ ರಾಜ್ಯ ಕಾನೂನು ಮಾಡಿತ್ತು, ಅದಕ್ಕೆ ಪರಿಹಾರ ಒಮ್ಮೆಗೆ ಒಂದು ಡಾಲರ್ ಎಂದು ನಿಗದಿಯಾಗಿತ್ತು. ಆಕೆ ಒಪ್ಪಲಿಲ್ಲ. 1982ರಲ್ಲಿ ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಬರೆದ ತೀರ್ಪು, ಆರಕ್ಕೆ ಮೂರರ ಬಹುಮತದಲ್ಲಿ, ಆಕೆಯ ಪರವಾಗಿ ಬಂತು. ಎಷ್ಟೇ ಚಿಕ್ಕದಾಗಿರಲಿ, ಒಬ್ಬರ ಸ್ವತ್ತಿನ ಮೇಲೆ ಶಾಶ್ವತವಾಗಿ ಏನನ್ನಾದರೂ ಕೂರಿಸಲು ಸರಕಾರ ಅಪ್ಪಣೆ ಕೊಟ್ಟರೆ ಅದು ಸ್ವತ್ತನ್ನು ತೆಗೆದುಕೊಂಡಂತೆಯೇ, ಪರಿಹಾರ ಕೊಡಲೇಬೇಕು ಎಂಬುದು ಅದರ ತಿರುಳು. ಇಷ್ಟು ಸಣ್ಣ ಪೆಟ್ಟಿಗೆಗೆ ಇಷ್ಟು ದೊಡ್ಡ ತತ್ವವೇ ಎಂಬುದು ಭಿನ್ನಮತದವರ ವಾದ. ಪ್ರಕರಣ ರಾಜ್ಯದ ಕೋರ್ಟಿಗೆ ವಾಪಸು ಹೋದಾಗ ಆ ಒಂದು ಡಾಲರಿನ ವ್ಯವಸ್ಥೆಯೇ ಉಳಿದುಕೊಂಡಿತು. ಆದರೂ ಆಕೆ ಗೆದ್ದರು ಎಂದೇ ನಾನು ಹೇಳುತ್ತೇನೆ. ಬೆಲೆ ಎಷ್ಟೆಂಬುದು ಬೇರೆ ಮಾತು, ಗೋಡೆಗೆ ಒಬ್ಬ ಯಜಮಾನನಿದ್ದಾನೆ ಎಂದು ಒಪ್ಪಿಕೊಳ್ಳುವುದು ಬೇರೆ ಮಾತು.

ಕಂಪನಿಯವರ ಮಾತಿನಲ್ಲೂ ಸತ್ಯವಿದೆ, ಅದನ್ನು ಬಿಟ್ಟು ಮಾತಾಡಿದರೆ ಅನ್ಯಾಯವಾಗುತ್ತದೆ. ಕೇಬಲ್ ವೈರಿನೊಳಗೆ ಹರಿಯುವ ಸಿಗ್ನಲ್ಲಿನಲ್ಲಿ ವಿಮಾನಗಳು ಬಳಸುವ ತರಂಗಾಂತರಗಳೂ ಇವೆ, 108ರಿಂದ 137 ಮೆಗಾಹರ್ಟ್ಸ್ ಅಂಥ ಒಂದು ಪಟ್ಟಿ. ಕನೆಕ್ಟರ್ ಸಡಿಲವಾಗಿ ಸಿಗ್ನಲ್ ಹೊರಗೆ ಸೋರಿದರೆ ಆಕಾಶದ ಮಾತಿಗೆ ಅಡ್ಡಿಯಾದೀತು ಎಂದು ಅಮೆರಿಕದಲ್ಲಿ ಸೋರಿಕೆಗೆ ಕಟ್ಟುನಿಟ್ಟಿನ ಮಿತಿ ಹಾಕಿದ್ದಾರೆ. ಕೇಬಲ್ ಇಂಟರ್ನೆಟ್ಟಿನಲ್ಲಂತೂ ಒಂದು ಮನೆಯ ಸಡಿಲ ಜೋಡಣೆಯಿಂದ ನುಗ್ಗಿದ ಗದ್ದಲ ಇಡೀ ಬೀದಿಯ ವೇಗವನ್ನು ಕೆಡಿಸುತ್ತದೆ. ಆ ಪೆಟ್ಟಿಗೆಯೊಳಗೆ ಅರ್ತಿಂಗ್ ತಂತಿಯೂ ಇರುತ್ತದೆ. ಗೊತ್ತಿಲ್ಲದೆ ಯಾರಾದರೂ ಅದನ್ನು ಕಿತ್ತರೆ ಸಿಡಿಲು ಬಡಿದ ದಿನ ಮನೆಗೇ ಕಾವಲಿರುವುದಿಲ್ಲ. ಫೈಬರಿನಲ್ಲಿ ಕರೆಂಟಿಲ್ಲ ನಿಜ, ಆದರೆ ಕಣ್ಣಿಗೆ ಕಾಣದ ಲೇಸರ್ ಬೆಳಕಿದೆ, ಕಳಚಿದ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಬಾರದು. ಇಷ್ಟೆಲ್ಲ ಕಾರಣಗಳು ಅವರ ಭಾಗಕ್ಕೆ ಬೀಗ ಹಾಕಲು ಸಾಕು. ನಮ್ಮ ಭಾಗಕ್ಕೂ ಬೀಗ ಜಡಿಯಲು ಸಾಲವು.

ನಮ್ಮ ಕಡೆ ಕೇಬಲ್ ಬಂದ ಬಗೆಯೇ ಬೇರೆ. ತೊಂಬತ್ತರ ದಶಕದ ಮೊದಲಲ್ಲಿ ಓಣಿಗೊಬ್ಬ ಹುಡುಗ ತಾರಸಿಯ ಮೇಲೆ ಡಿಶ್ ಇಟ್ಟು, ತೆಂಗಿನ ಮರದಿಂದ ಕರೆಂಟ್ ಕಂಬಕ್ಕೆ, ಕಂಬದಿಂದ ನಮ್ಮ ಪ್ಯಾರಪೆಟ್ಟಿಗೆ ವೈರು ಎಳೆದ. 1994ರಲ್ಲಿ ಉದಯ ಟೀವಿ ಶುರುವಾದ ಮೇಲೆ ಕನ್ನಡದ ಮನೆಗಳೂ ಆ ವೈರಿಗಾಗಿ ಕಾದು ನಿಂತವು. ವೈರು ದೂರ ಹೋದಷ್ಟೂ ಚಿತ್ರ ಮಂಕಾಗುತ್ತದೆ, ಅಲ್ಲಲ್ಲಿ ಆಂಪ್ಲಿಫೈಯರ್ ಬೇಕು, ಅದಕ್ಕೆ ಕರೆಂಟ್ ಬೇಕು. ಯಾರ ಮನೆಯ ಪ್ಲಗ್ಗಿನಿಂದ ಕರೆಂಟ್ ಕೊಟ್ಟರೋ ಅವರಿಗೆ ಕೇಬಲ್ ಫ್ರೀ. ಕಾಗದವಿಲ್ಲ, ಪತ್ರವಿಲ್ಲ, ಬಾಯಿಮಾತಿನ ಒಪ್ಪಂದ. ನಮ್ಮ ಬೀದಿಯ ಆಂಪ್ಲಿಫೈಯರ್ ಇದ್ದ ಮನೆಯವರು ಮದುವೆಗೆಂದು ಊರಿಗೆ ಹೊರಟಾಗ, ಜಾಗ್ರತೆಯ ಜನ, ಮೇನ್ ಸ್ವಿಚ್ ಆಫ್ ಮಾಡಿಕೊಂಡು ಹೋದರು. ರಾತ್ರಿ ಧಾರಾವಾಹಿಯ ಹೊತ್ತಿಗೆ ಬೀದಿಗೆ ಬೀದಿಯೇ ಗೇಟಿನ ಹೊರಗೆ ನಿಂತಿತ್ತು. ಆ ದಿನ ಆ ಪೆಟ್ಟಿಗೆ ಯಾರದು ಎಂಬ ಪ್ರಶ್ನೆ ನಮ್ಮಲ್ಲೂ ಎದ್ದಿತ್ತು, ಅವರು ವಾಪಸು ಬಂದೊಡನೆ ಮರೆತುಹೋಯಿತು.

ಆಮೇಲೆ ಕಾನೂನು ಬಂತು, 1995ರಲ್ಲಿ ಕೇಬಲ್ ಟೆಲಿವಿಷನ್ ಜಾಲಗಳ ಕಾಯ್ದೆ. 2013ರ ಮಾರ್ಚ್ ಕೊನೆಗೆ ಬೆಂಗಳೂರು, ಮೈಸೂರುಗಳಿಗೆ ಡಿಜಿಟಲ್ ಗಡುವು ಬಂತು, ಮನೆಯೊಳಗೆ ಸೆಟ್‌ಟಾಪ್ ಬಾಕ್ಸ್ ಬಂದು ಕೂತಿತು. ಹೊರಗೋಡೆಯ ಕತೆ ಮಾತ್ರ ಇದ್ದಲ್ಲೇ ಇದೆ. ಈಗಂತೂ ಹಳೆಯ ಕೇಬಲ್ಲಿನ ಪಕ್ಕದಲ್ಲೇ ಫೈಬರಿನ ಡಬ್ಬಿ, ಅದರ ಪಕ್ಕ ಎದುರಾಳಿ ಕಂಪನಿಯ ಡಬ್ಬಿ, ಮೇಲೆ ಸುರುಳಿ ಸುತ್ತಿ ನೇತುಹಾಕಿದ ಕಪ್ಪು ವೈರು. ಅವುಗಳಲ್ಲಿ ಯಾವುದು ಜೀವಂತ, ಯಾವುದು ಸತ್ತದ್ದು ಎಂದು ಮನೆಯವರಿಗೆ ಗೊತ್ತಿಲ್ಲ. ನಾಲ್ಕು ಮನೆಯಾಚೆಯವರ ಸಂಪರ್ಕವೂ ನಮ್ಮ ಗೋಡೆಯ ಡಬ್ಬಿಯಿಂದಲೇ ಹೋಗುತ್ತಿದ್ದೀತು ಎಂಬ ಭಯಕ್ಕೆ ಸತ್ತದ್ದನ್ನೂ ಯಾರೂ ಮುಟ್ಟುವುದಿಲ್ಲ. ಗೋಡೆಗೆ ಬಣ್ಣ ಹೊಡೆಯುವವರು ಅದರ ಸುತ್ತಲೇ ಬ್ರಶ್ ಆಡಿಸಿ ಹೋಗುತ್ತಾರೆ.

ನಮ್ಮ ಹಳೆಯ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿಯೇ ಇತ್ತು ಎಂಬುದು ನನಗೆ ಸಮಾಧಾನದ ಸಂಗತಿ. ಬ್ರಿಟಿಷರ ಕಾಲದ 1885ರ ಟೆಲಿಗ್ರಾಫ್ ಕಾಯ್ದೆ ಸರಕಾರಕ್ಕೆ ಯಾರ ಜಾಗದಲ್ಲಾದರೂ ತಂತಿ ಎಳೆಯುವ ಅಧಿಕಾರ ಕೊಟ್ಟಿತು, ಆದರೆ ಜೊತೆಗೇ ಅದು ಬರೀ ಬಳಕೆಯ ಹಕ್ಕು, ಬೇರೇನೂ ಅಲ್ಲ ಎಂದು ಕಟ್ಟುಹಾಕಿತು. ಹಾನಿಯಾದರೆ ಪರಿಹಾರ ಕೊಡಬೇಕು, ಮಾಲೀಕ ತನ್ನ ಜಾಗವನ್ನು ಬೇರೆ ರೀತಿ ಬಳಸಬೇಕೆಂದಾಗ ತಂತಿಯನ್ನು ಸರಿಸಿಕೊಡಿ ಎಂದು ಕೇಳಬಹುದು ಎಂದೂ ಅದರಲ್ಲಿತ್ತು. 2023ರ ದೂರಸಂಪರ್ಕ ಕಾಯ್ದೆಯೂ ಖಾಸಗಿ ಜಾಗದ ಮಾತು ಬಂದಾಗ ಮಾಲೀಕರೊಡನೆ ಒಪ್ಪಂದ ಮಾಡಿಕೊಳ್ಳುವುದರಿಂದಲೇ ಶುರು ಮಾಡುತ್ತದೆ. ಇಷ್ಟಾದರೂ, ಗೋಡೆ ಕೊರೆಯುವ ಮುನ್ನ ಒಂದು ಹಾಳೆ ಮುಂದಿಟ್ಟು "ಇಲ್ಲಿ ಸಹಿ ಮಾಡಿ ಅಮ್ಮಾ" ಎಂದ ಕೇಬಲ್ಲಿನವರನ್ನು ನಾನು ಕಂಡಿಲ್ಲ. ಕೇಳಿದ ಮನೆಯವರನ್ನೂ ಕಂಡಿಲ್ಲ.

ನಾನು ಬಯಸುವುದು ದೊಡ್ಡದೇನಲ್ಲ. ಪೆಟ್ಟಿಗೆಯ ಮೇಲೆ ಯಾರದೆಂದು ಹೆಸರು, ಫೋನ್ ನಂಬರ್ ಇರಲಿ. ಒಳಗಿನ ಪ್ರತಿ ವೈರಿಗೂ ಯಾವ ಮನೆಯದೆಂದು ಚೀಟಿ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ, ನ್ಯೂಜೆರ್ಸಿಯ ಆ ಫೋನ್ ಪೆಟ್ಟಿಗೆಯಂತೆ ಮನೆಯವರು ತೆರೆದು ಪರೀಕ್ಷಿಸಬಹುದಾದ ಒಂದು ಭಾಗ ಬೇರೆಯೇ ಇರಲಿ. ಫೈಬರಿನ ಮೋಡೆಮ್ಮಿನಲ್ಲಿ ಹೆಚ್ಚುಕಡಿಮೆ ಈ ಉಪಕಾರ ಆಗಿದೆ: ಹೊರಗಿಂದ ಬೆಳಕು ಬಾರದಿದ್ದರೆ ಅದರಲ್ಲೊಂದು ಕೆಂಪು ದೀಪ ಮಿನುಗುತ್ತದೆ. ಈಗ ಅಜ್ಜಿಯರೂ ಫೋನ್ ಮಾಡಿ "ಕೆಂಪು ಲೈಟ್ ಬರ್ತಿದೆಯಪ್ಪಾ, ಫೈಬರ್ ಕಟ್ಟಾಗಿದೆ, ಬಾ" ಎನ್ನುತ್ತಾರೆ. ಆ ಮಾತಿಗೆ ಎದುರಾಗಿ ಟೀವಿ ಸರಿಯಿಲ್ಲ ಎಂದು ಯಾರೂ ವಾದಿಸುವುದಿಲ್ಲ.

ನಮ್ಮ ಬೀದಿಯ ತುದಿಯಲ್ಲಿ ಈ ವರ್ಷ ಒಂದು ಮನೆ ಎದ್ದಿದೆ. ಅದರ ಯಜಮಾನರು ನನ್ನ ಹರಟೆಯನ್ನು ಬಹಳ ದಿನ ಕೇಳಿಸಿಕೊಂಡವರು. ಕಾಂಪೌಂಡಿನಿಂದ ಮೀಟರ್ ಬೋರ್ಡಿನ ಪಕ್ಕದವರೆಗೆ ನೆಲದೊಳಗೇ ಪೈಪು ಹಾಕಿಸಿ, ಅಲ್ಲಿ ಗೋಡೆಯಲ್ಲೊಂದು ಗೂಡು ಬಿಡಿಸಿ, ಮಳೆ ಬೀಳದಂತೆ ಸಜ್ಜಾ ಇಳಿಸಿ, ಬಾಗಿಲು ಮಾಡಿಸಿದರು. ಬೀಗ ಅವರದೇ. ಗೂಡಿನಲ್ಲಿ ಜಾಗ ಇರುವುದನ್ನು ಕಂಡ ಲೈನ್‌ಮ್ಯಾನ್ ಹುಡುಗ, ಪಕ್ಕದ ಎರಡು ಮನೆಗಳ ಸ್ಪ್ಲಿಟರನ್ನೂ ಅಲ್ಲೇ ಇಡಲೇ ಎಂದು ಕೇಳಿದನಂತೆ. ಅವರು ಏನು ಹೇಳಲಿ ಎಂದು ನನ್ನನ್ನು ಕೇಳಿದರು. ಇಡಲಿ, ನೆರೆಯವರಿಗೆ ಉಪಕಾರವಾಗುತ್ತದೆ, ಆದರೆ ಕೇಳಿದ ದಿನ ತೆಗೆದುಕೊಡುತ್ತೇವೆ ಎಂದು ಒಂದು ಹಾಳೆಯ ಮೇಲೆ ಬರೆದು ಸಹಿ ಹಾಕಿಕೊಡಲಿ ಎಂದೆ. ಹುಡುಗ ಆ ಹಾಳೆ ಹಿಡಿದುಕೊಂಡು ಆಫೀಸಿಗೆ ಹೋಗಿದ್ದಾನೆ.