ಹುಟ್ಟು ಯಾರ ಕೈಯಲ್ಲಿ?

ಮೂಡಲಗಿಯ ಹೊರಗೆ ಕಬ್ಬಿನ ಹೊಲಗಳ ನಡುವೆ ಒಂದು ಗಾಣ. ಬೆಳಗಿನ ಜಾವ ಐದು ಗಂಟೆ. ದಾರಿ ಯಾರನ್ನೂ ಕೇಳಬೇಕಿಲ್ಲ, ಕುದಿಯುವ ಕಬ್ಬಿನ ಹಾಲಿನ ವಾಸನೆಯ ಬೆನ್ನು ಹತ್ತಿದರೆ ಸಾಕು. ತಗಡಿನ ಚಪ್ಪರದ ಕೆಳಗೆ ಹೆಜ್ಜೆ ಇಟ್ಟೊಡನೆ ಹಬೆ ಮುಖಕ್ಕೆ ಬಡಿಯುತ್ತದೆ, ಕನ್ನಡಕ ಮಂಜಾಗುತ್ತದೆ. ಇಬ್ಬರು ಹುಡುಗರು ಗಾಣದ ಬಾಯಿಗೆ ಕಬ್ಬು ಕೊಡುತ್ತಿದ್ದಾರೆ. ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟ ಹೆಂಗಸೊಬ್ಬಳು ಹಿಂಡಿದ ಸಿಪ್ಪೆಯನ್ನು ಬುಟ್ಟಿಗೆ ತುಂಬಿ ಒಣಗಲು ಹಾಕಲು ಹೊತ್ತೊಯ್ಯುತ್ತಾಳೆ. ಒಲೆಯ ಬಾಯಲ್ಲಿ ಕುಕ್ಕರಗಾಲಲ್ಲಿ ಕೂತವನು ಗಡಿಯಾಚೆಯಿಂದ ಬಂದ ಮರಾಠಿ ಮಾತಿನವ.

ಕೊಪ್ಪರಿಗೆಯ ಪಕ್ಕದಲ್ಲಿ ಎಪ್ಪತ್ತು ದಾಟಿದ ಅಜ್ಜ ನಿಂತಿದ್ದಾರೆ. ಜಜ್ಜಿದ ಬೆಂಡಿ ಗಿಡದ ಲೋಳೆಯನ್ನು ಕುದಿಯುವ ಹಾಲಿಗೆ ಸುರಿಯುತ್ತಾರೆ. ಕ್ಷಣದಲ್ಲಿ ಕಪ್ಪು ನೊರೆ ಮೇಲೇಳುತ್ತದೆ, ಹುಡುಗನೊಬ್ಬ ಜರಡಿಯಿಂದ ಅದನ್ನು ಎತ್ತಿ ಹೊರಗೆ ಚೆಲ್ಲುತ್ತಾನೆ.

"ಉರಿ ಸಣ್ಣ ಮಾಡೋ!" ಅಜ್ಜ ಕೂಗುತ್ತಾರೆ. ಗಾಣದ ಸದ್ದಿನಲ್ಲಿ ಅದು ಒಲೆಯವನಿಗೆ ಮುಟ್ಟುವುದಿಲ್ಲ. ಮರುಕ್ಷಣ ಅದೇ ಬಾಯಲ್ಲಿ ಮರಾಠಿ: "ಜಾಳ ಕಮೀ ಕರ!"

"ಹೋ, ಮಾಮಾ!"

ಈಗ ಹತ್ತಿರ ಬನ್ನಿ. ಅಜ್ಜನ ಕಣ್ಣಲ್ಲಿ ಪೊರೆ, ಹಬೆಯಲ್ಲಿ ಪಾಕದ ಬಣ್ಣ ತಿಳಿಯುವುದಿಲ್ಲ. "ಬಣ್ಣಾ ಹೆಂಗ ಐತೋ ತಮ್ಮಾ?" ಎಂದು ಕೇಳುತ್ತಾರೆ. "ಜೇನಿನಂಗ ಐತ್ರಿ ಅಜ್ಜಾರ" ಎನ್ನುತ್ತಾನೆ ಹುಡುಗ. ಒಂದು ಹನಿ ತಣ್ಣೀರಿಗೆ ಬೀಳುತ್ತದೆ. ಅದನ್ನು ಎತ್ತಿ ಉಂಡೆ ಮಾಡಿ ನೋಡುವುದು ಮಾತ್ರ ಅಜ್ಜನ ಬೆರಳು. ಪಾಕ ಸುಮಾರು 118 ಡಿಗ್ರಿಗೆ ಬಂದಿದೆ ಎಂದು ಆ ಬೆರಳು ಉಷ್ಣಮಾಪಕ ಇಲ್ಲದೆ ಹೇಳುತ್ತದೆ. "ಇಳಸ್ರಿ!"

ಒಂದು ಟನ್ ಕಬ್ಬು ಅರೆದರೆ ಸಿಗುವುದು ಸುಮಾರು ಒಂದು ಕ್ವಿಂಟಲ್ ಬೆಲ್ಲ. ಒಂದು ಗಳಿಗೆ ತಡವಾದರೂ ಬೆಲ್ಲ ಕಪ್ಪಾಗಿ ಪೇಟೆಯಲ್ಲಿ ದರ ಬೀಳುತ್ತದೆ. ಹೀಗಾಗಿ ಮುದುಕನ ಬೆರಳು, ಹುಡುಗನ ಕಣ್ಣು, ಮರಾಠಿಯವನ ಉರಿ, ಮೂರಕ್ಕೂ ಬೆಲೆ ಇದೆ. ಒಳಗೊಳ್ಳುವಿಕೆ ಅಂತ ಭಾಷಣ ಕೇಳಿದವರು ಇಲ್ಲಿ ಯಾರೂ ಇಲ್ಲ.

ಹೊರಗೆ ಬೆಳಕು ಹರಿದಿದೆ. ಹೊಲದ ಬದಿಯಲ್ಲಿ ಕಬ್ಬು ಕಡಿಯುವವರ ಗುಡಿಸಲು. ಹಂಗಾಮಿಗೆ ಊರು ಬಿಟ್ಟು ಬರುವ ಗ್ಯಾಂಗುಗಳಲ್ಲಿ ಗಂಡ-ಹೆಂಡತಿ ಸೇರಿ ಒಂದು 'ಕೋಯತಾ', ಮುಂಗಡ ಬರುವುದೂ ಆ ಜೋಡಿಯ ಲೆಕ್ಕದಲ್ಲಿ. ಅವಳು ಕಡಿಯುತ್ತಾಳೆ, ಸೂಡು ಕಟ್ಟುತ್ತಾಳೆ, ತಲೆಯ ಮೇಲೆ ಹೊತ್ತು ಹಲಗೆ ಏರಿ ಟ್ರಾಲಿಗೆ ಹೇರುತ್ತಾಳೆ. ಹಣ ಮಾತ್ರ ಗಂಡನ ಕೈಗೆ. ಕೆಲಸದಲ್ಲಿ ಕೂಡಿಸಿಕೊಂಡು ಲೆಕ್ಕದಲ್ಲಿ ಬಿಡುವ ಚಾಳಿ ಇಲ್ಲಿಂದಲೇ ಶುರು.

ಹೊತ್ತೇರುವಾಗ ನೀವು ಗೋಕಾಕದಲ್ಲಿದ್ದೀರಿ. 1880ರ ದಶಕದಿಂದಲೂ ಜಲಪಾತದ ಬಳಿಯ ನೂಲಿನ ಗಿರಣಿ ಹಲವು ಊರಿನವರನ್ನು ಒಂದೇ ಭೋಂಗಾಕ್ಕೆ ಎಬ್ಬಿಸಿದ ಸೀಮೆ ಇದು. ಓಣಿಯೊಳಗಿನ ಕರದಂಟಿನ ಅಡುಗೆಮನೆಗೆ ಚಪ್ಪಲಿ ಬಿಟ್ಟು ಬನ್ನಿ. ನೆಲದ ಮೇಲೆ ಕೂತ ಐದಾರು ಹೆಂಗಸರು ಕೊಬ್ಬರಿ ಹೆರೆಯುತ್ತಿದ್ದಾರೆ, ಉತ್ತತ್ತಿಯ ಬೀಜ ತೆಗೆಯುತ್ತಿದ್ದಾರೆ. ಮಾತು ಕನ್ನಡದಿಂದ ಉರ್ದುವಿಗೆ ಜಾರಿ ಮತ್ತೆ ಕನ್ನಡಕ್ಕೆ ಬರುತ್ತದೆ. ಮೂಲೆಯಲ್ಲಿ ಕಾಲೇಜು ಮುಗಿಸಿದ ಹುಡುಗ ಮೊಬೈಲ್ ನೋಡುತ್ತ ಪಾರ್ಸಲ್‌ಗಳಿಗೆ ವಿಳಾಸ ಅಂಟಿಸುತ್ತಿದ್ದಾನೆ. ಗೋಡೆಯ ಕ್ಯಾಲೆಂಡರಿನಲ್ಲಿ ಪಂಚಮಿ, ರಂಜಾನ್, ದೀಪಾವಳಿ ಮೂರಕ್ಕೂ ಪೆನ್ನಿನ ಸುತ್ತು. ರೋಜಾ ಇದ್ದಾಗ ಈ ಹೆಂಗಸರಲ್ಲಿ ಉರ್ದು ಮಾತಿನ ಆಪಾ ಬೇಗ ಮನೆಗೆ, ಪಂಚಮಿಗೆ ಉಳಿದವರಿಗೆ ರಜೆ, ಅಂದು ಅಂಗಡಿ ಆಪಾನ ಪಾಲಿಗೆ. ಹಬ್ಬದ ದಿನವೇ ಗಿರಾಕಿ ಹೆಚ್ಚು. ಎಲ್ಲರದೂ ಒಂದೇ ಹಬ್ಬವಾಗಿದ್ದರೆ ಅಂದು ಬಾಗಿಲು ಹಾಕಬೇಕಾಗುತ್ತಿತ್ತು.

ಬಾಣಲೆಯಲ್ಲಿ ತುಪ್ಪ ಕಾದಿದೆ. ಬೆಣಚುಕಲ್ಲಿನಂಥ ಅಂಟಿನ ಹರಳುಗಳು ಬಿದ್ದೊಡನೆ ಚಟಪಟ ಅರಳಿ ಬೆಳ್ಳಗಾಗುತ್ತವೆ. ಹಿರಿಯ ಅಕ್ಕ ಒಂದನ್ನು ಹಲ್ಲಿನಲ್ಲಿ ಕಡಿದು ನೋಡುತ್ತಾಳೆ. "ಒಳಗ ಇನ್ನೂ ಕಲ್ಲ ಐತಿ. ತುಪ್ಪ ಸಾಕಷ್ಟ ಕಾದಿಲ್ಲ." ಒಳಗೆ ಬೇಯದ ಅಂಟು ಹಲ್ಲಿಗೆ ಮೆತ್ತಿಕೊಂಡರೆ ಗಿರಾಕಿ ಮತ್ತೆ ಬರುವುದಿಲ್ಲ, ಹೀಗಾಗಿ ಅವಳ ಮಾತನ್ನು ಯಾರೂ ತೆಗೆದುಹಾಕುವುದಿಲ್ಲ.

ಆದರೆ ಬೆಲ್ಲದ ಪಾಕದ ಹುಟ್ಟು ಗಂಡಸಿನ ಕೈಯಲ್ಲಿದೆ. ಕೂಲಿಯೂ ಅವನಿಗೇ ಹೆಚ್ಚು. "ನೀವೂ ಪಾಕ ಹಿಡಿತೀರೇನ್ರಿ ಅಕ್ಕಾರ?" ಎಂದು ಕೇಳಿ ನೋಡಿ.

"ನೋಡೇನ್ರಿ, ಮಾಡಿಲ್ಲ. ಇಲ್ಲಿ ಅಣ್ಣಾರs ಮಾಡ್ತಾರ."

"ಮನ್ಯಾಗ?"

ಅವಳು ನಗುತ್ತಾಳೆ. "ಮಗಳ ಬಾಣಂತನಕ್ಕ ಅಂಟಿನುಂಡಿ ಮತ್ತ್ಯಾರ ಮಾಡ್ತಾರ್ರಿ?"

ಮಾಲೀಕರು ಕೆಟ್ಟವರಲ್ಲ. "ಬಿಸಿ ಪಾಕ, ಹೆಣ್ಮಕ್ಳಿಗೆ ಆಗೂದಿಲ್ರಿ" ಎನ್ನುವುದು ಅವರ ನಂಬಿಕೆ. ಒಂದೇ ಬಗೆಯ ಕೆಲಸಕ್ಕೆ ಹೆಣ್ಣು-ಗಂಡಿಗೆ ಸಮಾನ ವೇತನ ಎಂದು 1976ರಲ್ಲೇ ಕಾನೂನು ಬಂತು. ಕೆಲಸವನ್ನೇ ಬೇರೆ ಬೇರೆ ಹಂಚಿಬಿಟ್ಟರೆ ಅಂಥ ಕಾನೂನು ಹೊಸ್ತಿಲ ಆಚೆಯೇ ನಿಲ್ಲುತ್ತದೆ.

ಸಂಜೆ ಹುಕ್ಕೇರಿ ತಾಲೂಕಿನ ಸಂಕೇಶ್ವರ. ಖಾರ ಕುಟ್ಟುವ ಗಿರಣಿಯ ಬಾಗಿಲಲ್ಲೇ ಮೂರು ಸೀನು ಬರುತ್ತವೆ. ತೊಟ್ಟು ಮುರಿಯುವ ಹೆಂಗಸರು ಸೆರಗನ್ನು ಮೂಗಿಗೆ ಬಿಗಿದಿದ್ದಾರೆ. ಗಡಹಿಂಗ್ಲಜದ ಗಿರಾಕಿಗೆ ಬಿ.ಕಾಂ. ಹುಡುಗಿ ಮರಾಠಿಯಲ್ಲಿ ದರ ಹೇಳುತ್ತಾಳೆ, ಚೀಟಿಯ ಮೇಲೆ ಎರಡೂ ಭಾಷೆಯಲ್ಲಿ ಬರೆಯುತ್ತಾಳೆ. ಸಂಕೇಶ್ವರಿ ಮೆಣಸಿನಕಾಯಿಗೆ ಬ್ಯಾಡಗಿ ಎಷ್ಟು ಕೂಡಿಸಬೇಕು ಎಂಬ ಮಾತು ಬಂದಾಗ ಮಾತ್ರ ಒಳಗೆ ತಿರುಗಿ, "ಮಾವಶೀ, ಎಷ್ಟ ಹಾಕ್ಲಿ?" ಎಂದು ಕೇಳುತ್ತಾಳೆ. ಮಾವಶಿ ಹೇಳಿದ ಅಳತೆಯನ್ನು ಹುಡುಗಿ ವಹಿಯಲ್ಲಿ ಬರೆದಿಡುತ್ತಾಳೆ. ಮೂವತ್ತು ವರ್ಷ ಒಬ್ಬಳ ತಲೆಯಲ್ಲಿದ್ದದ್ದು ಈಗ ಗಿರಣಿಯ ಆಸ್ತಿ.

ಈ ಗಿರಣಿ ತಿರುಗಿಸುವ ಕರೆಂಟು ಬರುವುದು ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದಿಂದ. 1969ರಲ್ಲಿ ಹುಟ್ಟಿದ ಈ ಸಂಘ, ರಾಜ್ಯದಲ್ಲಿ ವಿದ್ಯುತ್ ಹಂಚುವ ಏಕೈಕ ಸಹಕಾರ ಸಂಘ. ಸಹಕಾರದ ನಿಯಮ ಸರಳ: ಒಬ್ಬ ಸದಸ್ಯನಿಗೆ ಒಂದು ಮತ. ಗಿರಣಿ ನಡೆಸುವ ಸದಸ್ಯನಿಗೂ ಮನೆಗೊಂದು ಬಲ್ಬು ಉರಿಸುವ ಸದಸ್ಯನಿಗೂ ತೂಕ ಒಂದೇ.

ಈ ಮೂರು ಊರುಗಳ ಸಣ್ಣ ದಂಧೆಗಳಿಗೆ ಬೇರೆ ಬೇರೆ ವಯಸ್ಸಿನವರನ್ನು, ಭಾಷೆಯವರನ್ನು, ಧರ್ಮದವರನ್ನು ಕೂಡಿಸುವುದು ಹೇಗೆಂದು ಕಲಿಸಬೇಕಿಲ್ಲ. ಅವರು ಆಗಲೇ ಕೂಡಿದ್ದಾರೆ. ಉಳಿದಿರುವುದು ಕೊಪ್ಪರಿಗೆಯ ಹತ್ತಿರ ಯಾರು ನಿಲ್ಲಬಹುದು, ಕೂಲಿ ಯಾರ ಹೆಸರಿಗೆ ಬರೆಯಬೇಕು ಎಂಬ ಪ್ರಶ್ನೆ. ಗೋಕಾಕದ ಆ ಮಾಲೀಕರು ಅದಕ್ಕಾಗಿ ಹೊಸಬರನ್ನು ಹುಡುಕಬೇಕಿಲ್ಲ. ವಾರಕ್ಕೊಂದು ದಿನ ಪಾಕದ ಹುಟ್ಟನ್ನು ಆ ಅಕ್ಕನಿಗೆ ಕೊಡಲಿ, ಅಂದಿನ ಕೂಲಿಯನ್ನು ಪಾಕದವನ ದರದಲ್ಲೇ ಎಣಿಸಲಿ.