ಏರಿನಲ್ಲಿ ನಿಲ್ಲುವ ವೈಪರು

ಮೋಟಾರು ವಾಹನದ ಅಂಗಗಳಲ್ಲಿ ವೈಪರಿನಷ್ಟು ಅಲಕ್ಷ್ಯಕ್ಕೆ ಗುರಿಯಾದುದು ಬೇರೊಂದಿರಲಾರದು. ಎಂಜಿನ್ನನ್ನು ಹೊಗಳುವವರುಂಟು, ಗಾಲಿಯನ್ನು ಕಾಲಿನಿಂದ ತಟ್ಟಿ ಗುಣದೋಷ ಹೇಳುವವರುಂಟು, ಹಾರನ್ನಿನ ದನಿಗೆ ಮನಸೋತವರೂ ಉಂಟು. ವೈಪರಿನ ನೆನಪಾಗುವುದು ಮಳೆ ಬಂದಾಗ ಮಾತ್ರ, ಅದೂ ಅದು ಕೈಕೊಟ್ಟಾಗ.

ತುಮಕೂರಿನ ಸತ್ಯಮಂಗಲದಲ್ಲಿ ಕೈಗಾರಿಕಾ ಪ್ರದೇಶದ ಅಂಚಿಗೆ ತಗಡಿನ ಚಾವಣಿಯ ಗ್ಯಾರೇಜೊಂದಿದೆ. ಒಂದು ವರ್ಷ ಆಷಾಢದ ಮೊದಲಲ್ಲಿ ಗುಬ್ಬಿ ತಾಲ್ಲೂಕಿನ ಗೌಡರೊಬ್ಬರು ತಮ್ಮ ತಂದೆಯ ಕಾಲದ ಜೀಪನ್ನು ಲಾರಿಯ ಮೇಲೆ ಹೇರಿಸಿ ಅಲ್ಲಿಗೆ ತಂದರು. ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಮಹೀಂದ್ರ ಸಂಸ್ಥೆಯವರು 1940ರ ದಶಕದ ಕೊನೆಯಿಂದ ಮುಂಬಯಿಯಲ್ಲಿ ಜೋಡಿಸತೊಡಗಿದ್ದರು. ಇದು ಆ ಮೇಲಿನ ದಶಕದ್ದು. ತಂದೆ ತೀರಿಕೊಂಡ ಮೇಲೆ ಅದು ಕೊಬ್ಬರಿ ಅಟ್ಟದ ಕೆಳಗೆ ಗೋಣಿಚೀಲಗಳ ನಡುವೆ ನಿಂತೇ ಇತ್ತು. ನಿಂತದ್ದೇ ಅದರ ಪುಣ್ಯ. ಪೆಟ್ರೋಲು ತುಟ್ಟಿಯಾದಾಗ ಇಂತಹ ಎಷ್ಟೋ ಜೀಪುಗಳ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂಡಿಸಿದರು. ಈ ಜೀಪು ಹೇಗಿತ್ತೋ ಹಾಗೆಯೇ ಉಳಿದಿತ್ತು.

ಮೇಸ್ತ್ರಿ ಎಂಜಿನ್ನನ್ನು ಬದುಕಿಸಿದರು. ಬ್ರೇಕು ಬಂತು, ದೀಪ ಬಂತು. ಉಳಿದದ್ದು ವೈಪರು. ಚಾಲಕನ ಎದುರಿನ ಕಡ್ಡಿಯನ್ನು ಎಂಜಿನ್ನೇ ಆಡಿಸಬೇಕು. ಪಕ್ಕದವನ ಎದುರಿನದಕ್ಕೆ ಒಂದು ಪುಟ್ಟ ಹಿಡಿ, ಅದನ್ನು ಕೈಯಿಂದಲೇ ತಿರುಗಿಸಬೇಕು.

“ಗೌಡರೆ, ಪೇಟೆಯಲ್ಲಿ ಕರೆಂಟಿನ ಮೋಟಾರು ಸಿಕ್ಕುತ್ತದೆ. ಅರ್ಧ ದಿನದ ಕೆಲಸ. ಈ ಹಳೆಯದು ಏರಿನಲ್ಲಿ ಕೈಕೊಡುವ ಜಾತಿ” ಎಂದರು ಮೇಸ್ತ್ರಿ. ಬೆಂಗಳೂರಿನಿಂದ ಬಂದಿದ್ದ ಗೌಡರ ಮಗನೂ ಅದನ್ನೇ ಹೇಳಿದ. ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲಿಯೇ ಇರುವ ವಾಹನಗಳಿಗೆ ಪ್ರತ್ಯೇಕ ನೋಂದಣಿ ನೀಡುವ ನಿಯಮವನ್ನು ಕೇಂದ್ರ ಸರ್ಕಾರ 2021ರಲ್ಲಿ ತಂದಿದೆ. ಅದು ಚಾಸಿ, ಮೈಕಟ್ಟು, ಎಂಜಿನ್ನುಗಳಲ್ಲಿ ಭಾರಿ ಬದಲಾವಣೆ ಕೂಡದೆನ್ನುತ್ತದೆಯೇ ಹೊರತು ವೈಪರಿನ ಗೊಡವೆಗೆ ಹೋಗಿಲ್ಲ. ಮಗನ ವಾದದಲ್ಲಿ ಹುರುಳಿತ್ತು. ಮಳೆಯಲ್ಲಿ ಕಣ್ಣು ಕಾಣದ ವಾಹನ ಅಪಾಯವಲ್ಲವೆ? ಗೌಡರಲ್ಲಿ ಇದಕ್ಕೆ ಉತ್ತರವಿರಲಿಲ್ಲ. “ಅಪ್ಪ ಓಡಿಸಿದ ಹಾಗೆಯೇ ಇರಲಿ” ಎಂದಷ್ಟೇ ಹೇಳಿ ಸುಮ್ಮನಾದರು.

ಅವರ ಮನಸ್ಸಿನಲ್ಲಿ ಅಪ್ಪನ ಚಿತ್ರ ಅಷ್ಟೇನೂ ಭವ್ಯವಾಗಿರಲಿಲ್ಲ. ಶ್ರಾವಣ ಶನಿವಾರಗಳಲ್ಲಿ ಮನೆಮಂದಿಯನ್ನೆಲ್ಲ ಜೀಪಿನಲ್ಲಿ ತುಂಬಿಕೊಂಡು ತಂದೆ ದೇವರಾಯನದುರ್ಗಕ್ಕೆ ಹೋಗುತ್ತಿದ್ದರು. ಬೆಟ್ಟದ ಏರಿನಲ್ಲಿ, ಎಂಜಿನ್ ಮೈದುಂಬಿ ಎಳೆಯುತ್ತಿರುವಾಗಲೇ, ಇದ್ದಕ್ಕಿದ್ದಂತೆ ಅವರ ಕಾಲು ಸಡಿಲವಾಗುತ್ತಿತ್ತು. ಜೀಪು ಮುಗ್ಗರಿಸಿದಂತಾಗಿ ಮತ್ತೆ ಏರುತ್ತಿತ್ತು. ಹಿಂದಿನ ಸೀಟಿನಲ್ಲಿದ್ದ ಸೋದರಮಾವ ಬಿಡುತ್ತಿರಲಿಲ್ಲ: “ಭಾವನಿಗೆ ಬೆಟ್ಟ ಕಂಡರೆ ಕಾಲು ನಡುಗುತ್ತದೆ!” ಎಲ್ಲರೂ ನಗುತ್ತಿದ್ದರು. ತಂದೆಯೂ ನಗುತ್ತಿದ್ದರು. ಹತ್ತು ವರ್ಷದ ಹುಡುಗನಿಗೆ ಮಾತ್ರ ನಾಚಿಕೆಯಾಗುತ್ತಿತ್ತು. ತನ್ನ ತಂದೆ ಪುಕ್ಕಲರೆಂಬ ಆ ನಂಬಿಕೆಯನ್ನು ಆತ ಯಾರಲ್ಲಿಯೂ ಹೇಳಿಕೊಳ್ಳಲಿಲ್ಲ, ಬಿಡಲೂ ಇಲ್ಲ.

ಮೇಸ್ತ್ರಿ ಹಳೆಯ ವೈಪರಿನ ಡಬ್ಬಿಯನ್ನು ಬಿಚ್ಚಿದರು. ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟದು. ಒಳಗೆ ಬಾಗಿಲಿನಂತೆ ಅತ್ತಿತ್ತ ತಿರುಗುವ ಒಂದು ಹಲಗೆ. ಅದರ ಅಂಚಿಗೆ ಗಾಳಿ ನುಸುಳದಂತೆ ಚರ್ಮದ ಪಟ್ಟಿ. ಪೆಟ್ರೋಲ್ ಎಂಜಿನ್ ಉಸಿರೆಳೆದುಕೊಳ್ಳುವಾಗ ಅದರ ಕೊಳವೆಯಲ್ಲಿ ಗಾಳಿ ತೆಳುವಾಗುತ್ತದೆ. ರಬ್ಬರು ನಳಿಗೆಯೊಂದು ಆ ಕೊಳವೆಯನ್ನು ಡಬ್ಬಿಗೆ ಸೇರಿಸುತ್ತದೆ. ಹಲಗೆಯ ಒಂದು ಬದಿಯ ಗಾಳಿಯನ್ನು ಎಂಜಿನ್ ಹೀರಿದೊಡನೆ ಇನ್ನೊಂದು ಬದಿಯ ಹೊರಗಾಳಿ ಅದನ್ನು ನೂಕುತ್ತದೆ. ಕೊನೆ ಮುಟ್ಟಿದಾಗ ಒಂದು ಸಣ್ಣ ಕವಾಟ ಮಗುಚಿಕೊಂಡು ಬದಿ ಬದಲಾಗುತ್ತದೆ. ಹೀಗೆ ಕಡ್ಡಿ ಆಡುತ್ತದೆ. ತಂತಿಯಿಲ್ಲ, ವಿದ್ಯುತ್ತಿಲ್ಲ, ಬರಿಯ ಗಾಳಿಯ ಕೆಲಸ.

ಚರ್ಮದ ಪಟ್ಟಿ ಒಣಗಿ ಹಪ್ಪಳವಾಗಿತ್ತು. ಮೇಸ್ತ್ರಿ ಅದೇ ಅಳತೆಗೆ ಮೆತ್ತನೆಯ ಚರ್ಮ ಕತ್ತರಿಸಿ, ಎರಡು ದಿನ ಹರಳೆಣ್ಣೆಯಲ್ಲಿ ನೆನೆಹಾಕಿ ಕೂಡಿಸಿದರು. ಕಲ್ಲಾಗಿದ್ದ ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದರು. ನಳಿಗೆಗೆ ಗಟ್ಟಿ ಗೋಡೆಯ ರಬ್ಬರೇ ಬೇಕು. ಮೆದುವಾದರೆ ಹೀರಿದಾಗ ಚಪ್ಪಟೆಯಾಗುತ್ತದೆ. ಕಡ್ಡಿಗೂ ಇಂದಿನ ಬಾಗಿದ ಗಾಜಿನ ಬ್ಲೇಡು ಬೇಡ, ಈ ಗಾಜು ಚಪ್ಪಟೆ. ನೇರ ಬ್ಲೇಡೇ ಬೇಕು. ಎಲ್ಲ ಮುಗಿದ ಮೇಲೆ ಮೇಸ್ತ್ರಿ ನಳಿಗೆಯ ತುದಿಯನ್ನು ಬಾಯಿಗಿಟ್ಟುಕೊಂಡು ಎಳನೀರು ಹೀರುವಂತೆ ಹೀರಿದರು. ಕಡ್ಡಿ ಟಕ್ಕೆಂದು ಅತ್ತ ಹೋಯಿತು. ಗ್ಯಾರೇಜಿನ ಹುಡುಗರು ಹೋ ಎಂದರು. ಇದಕ್ಕಿಂತ ಸರಳವಾದ ಪರೀಕ್ಷೆ ಯಾವ ಪ್ರಯೋಗಶಾಲೆಯಲ್ಲಿಯೂ ಇರಲಾರದು.

ಈ ಕಡ್ಡಿಯ ವಂಶ ಬಹಳ ಹಳೆಯದೇನಲ್ಲ. ಅಮೆರಿಕದ ಮೇರಿ ಆಂಡರ್ಸನ್ ಎಂಬ ಮಹಿಳೆ ನ್ಯೂಯಾರ್ಕಿನ ಚಳಿಗಾಲದಲ್ಲಿ, ಮಂಜು ಕವಿದ ಗಾಜಿನ ಹಿಂದೆ ಪರದಾಡುತ್ತಿದ್ದ ಟ್ರಾಮಿನ ಚಾಲಕನನ್ನು ಕಂಡು, ಒಳಗಿನಿಂದಲೇ ಹಿಡಿ ತಿರುಗಿಸಿ ಗಾಜು ಒರೆಸುವ ಸಾಧನವನ್ನು ರೂಪಿಸಿದಳು. 1903ರಲ್ಲಿ ಪೇಟೆಂಟು ದೊರೆಯಿತು. ಕೊಳ್ಳುವವರು ಯಾರೂ ಮುಂದೆ ಬರಲಿಲ್ಲ. ಇದರಿಂದ ಲಾಭವಿಲ್ಲವೆಂದು ಕೆನಡಾದ ಸಂಸ್ಥೆಯೊಂದು ಬರೆದು ತಿಳಿಸಿತು. ಪೇಟೆಂಟಿನ ಅವಧಿ ಮುಗಿದ ಮೇಲೆ ವೈಪರಿಲ್ಲದ ಕಾರೇ ಇಲ್ಲವಾಯಿತು, ಆಕೆಗೆ ಕಾಸೂ ದಕ್ಕಲಿಲ್ಲ. ಜೀಪಿನ ಎಡಬದಿಯ ಆ ಪುಟ್ಟ ಹಿಡಿ ಆಕೆಯ ಕಲ್ಪನೆಯ ನೇರ ಸಂತಾನ. ನಮ್ಮ ಕಡೆಯ ಲಾರಿಗಳಲ್ಲಿಯಾದರೋ ವೈಪರು ಕೆಟ್ಟರೆ ಕ್ಲೀನರ್ ಹುಡುಗ ಇಳಿದು ಗಾಜಿಗೆ ಹೊಗೆಸೊಪ್ಪು ಉಜ್ಜುತ್ತಿದ್ದ. ಹನಿ ನಿಲ್ಲದೆ ಹರಡಿಕೊಂಡು ದಾರಿ ಕಾಣುತ್ತಿತ್ತು.

ಶ್ರಾವಣದ ಒಂದು ಶನಿವಾರ ಗೌಡರು ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ದೇವರಾಯನದುರ್ಗಕ್ಕೆ ಹೊರಟರು. ನಾಮದ ಚಿಲುಮೆಯವರೆಗೆ ಹದವಾದ ಜಡಿಮಳೆ; ವೈಪರು ಸೊಗಸಾಗಿ ಆಡಿತು. ಏರು ತೊಡಗಿತು. ಗೌಡರು ಆಕ್ಸಲರೇಟರನ್ನು ಒತ್ತಿದರು. ಕಡ್ಡಿ ನಿಧಾನವಾಯಿತು, ಇನ್ನಷ್ಟು ಒತ್ತಿದಾಗ ಗಾಜಿನ ನಡುವೆ ನಿಂತೇಬಿಟ್ಟಿತು. ಕಾಲು ಒತ್ತಿದಷ್ಟೂ ಎಂಜಿನ್ನಿನ ಬಾಯಿ ತೆರೆದುಕೊಳ್ಳುತ್ತದೆ, ಹೀರುವ ಬಲ ಇಳಿಯುತ್ತದೆ; ಮೇಸ್ತ್ರಿ ಹೇಳಿದ್ದು ಇದನ್ನೇ. ಗಾಜು ಕ್ಷಣದಲ್ಲಿ ಬೆಳ್ಳಗಾಯಿತು. ಮುಂದೆ ತಿರುವು, ಅದರಾಚೆ ಕಮರಿ.

ಗೌಡರ ಕಾಲು ತಾನಾಗಿ ಸಡಿಲವಾಯಿತು. ಜೀಪು ಮುಗ್ಗರಿಸಿತು. ಅದೇ ಗಳಿಗೆಗೆ ಕಡ್ಡಿ ಮೈಮೇಲೆ ಬಂದಂತೆ ಅತ್ತಿಂದಿತ್ತ ಸರಸರನೆ ಓಡಾಡಿ ಗಾಜನ್ನು ತೊಳೆದಿಟ್ಟಿತು. ತಿರುವು ಕಂಡಿತು, ಅಂಚಿನ ಕಲ್ಲು ಕಂಡಿತು. ಗೌಡರು ಮತ್ತೆ ಒತ್ತಿದರು, ಏರಿದರು, ಮತ್ತೆ ಬಿಟ್ಟರು.

“ಯಾಕಪ್ಪಾ, ಹೆದರಿಕೆಯೆ?” ಎಂದ ಮಗ.

ಗೌಡರು ಜೀಪನ್ನು ಬದಿಗೆ ತಂದು ನಿಲ್ಲಿಸಿದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸೋದರಮಾವನೂ ಈಗ ಇರಲಿಲ್ಲ. ಆ ಮಾತು ತಪ್ಪೆಂದು ಯಾರಿಗೆ ಹೇಳುವುದು? ಕೊನೆಗೆ ಮಗನ ಕಡೆ ತಿರುಗಿ, ಅಪ್ಪ ಇದೇ ಏರಿನಲ್ಲಿ ಕಾಲು ಸಡಿಲ ಬಿಡುತ್ತಿದ್ದುದನ್ನೂ ತಾವು ನಾಚಿಕೊಂಡದ್ದನ್ನೂ ಮೊದಲಿನಿಂದ ಹೇಳಿದರು. ಮಗ ಕೇಳಿದ. ಹೊರಗೆ ಮಳೆ ಬಿರುಸಾಗುತ್ತಿತ್ತು. ಗೌಡರು ಗೇರು ಹಾಕಿದಾಗ ಆತ ತನ್ನ ಎದುರಿನ ಪುಟ್ಟ ಹಿಡಿಯನ್ನು ಹಿಡಿದು ತಿರುಗಿಸತೊಡಗಿದ್ದ.