ಶೇಕಡಾ ಐವತ್ತೇಳು

ನಮ್ಮವರ ಮಕ್ಕಳು ವಕೀಲಿ ಓದುತ್ತಾರೆಂದರೆ ಈಗ ಕೋರ್ಟಿನ ಕರಿಕೋಟಷ್ಟೇ ಅರ್ಥವಲ್ಲ. ಕಂಪನಿಗಳ ಖರೀದಿ, ವಿಲೀನ, ಬ್ಯಾಂಕಿನ ಸಾಲಪತ್ರ ಇವುಗಳ ಕಾಗದ ತಯಾರಿಸುವ ದೊಡ್ಡ ಫರ್ಮುಗಳ ಕಡೆಗೇ ಅವರ ಕಣ್ಣು. ಒಳ್ಳೆಯ ಸಂಬಳ ಅಲ್ಲಿದೆ. ಬಾಗಿಲಲ್ಲಿ ಒಂದು ಜರಡಿಯೂ ಇದೆ.

ಕೋಪರಿಯ ನಮ್ಮ ಕಟ್ಟಡದ ಹುಡುಗಿಯೊಬ್ಬಳು ಕಳೆದ ವರ್ಷ ಅಂಥದೊಂದು ಫರ್ಮಿಗೆ ಅರ್ಜಿ ಹಾಕಿದಳು. ಪದವಿಯ ಮೇಲೆ ಮೂರು ವರ್ಷದ ಎಲ್‌ಎಲ್.ಬಿ., ಒಟ್ಟು ಶೇಕಡಾ 57. ಮೂರು ವರ್ಷವೂ ಬೆಳಿಗ್ಗೆ ಕಾಲೇಜು, ಹನ್ನೊಂದಕ್ಕೆ ಠಾಣೆಯ ವಕೀಲರೊಬ್ಬರ ಕಚೇರಿ, ರಾತ್ರಿ ತಮ್ಮನಿಗೆ ಪಾಠ. ಫರ್ಮಿನವರು ಕೇಳಿದ್ದು 60. ಅದೂ ಪ್ರತಿ ಸೆಮಿಸ್ಟರಿನಲ್ಲಿ, ಒಂದು ಎ.ಟಿ.ಕೆ.ಟಿ.ಯೂ ಇರಕೂಡದು. "ಕಾಕಾ, ನಾನು ಬರೆದ ಕರಾರುಪತ್ರ ನೋಡಿ ಬೇಡ ಅಂದಿದ್ದರೆ ನಡೀತಿತ್ತು. ನೋಡಲೇ ಇಲ್ಲ" ಎಂದಳು.

ಫೋರ್ಟಿನ ಸಾಲಿಸಿಟರ್ ಕಚೇರಿಯಲ್ಲಿ ಮೂವತ್ತು ವರ್ಷ ಟೈಪು ಕುಟ್ಟಿದವನು ನಾನು. ಅರ್ಜಿಗಳ ರಾಶಿ ಬಂದಾಗ ಒಬ್ಬೊಬ್ಬರನ್ನೂ ಕೂರಿಸಿ ಕರಾರು ಬರೆಸಿ ನೋಡಲು ಯಾರಿಗೂ ಪುರುಸೊತ್ತಿರುವುದಿಲ್ಲವೆಂದು ಬಲ್ಲೆ. ಅಂಕ ಕೈಗೆಟಕುವ ಅಳತೆ. ಆದರೆ ಅದು ಬುದ್ಧಿಯ ಜತೆಗೆ ಓದಲು ಸಿಕ್ಕ ಹೊತ್ತನ್ನೂ ಅಳೆಯುತ್ತದೆ. 1987ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಂಥ ಕಡೆಗೆ ಫರ್ಮುಗಳೇ ಹುಡುಕಿಕೊಂಡು ಹೋಗುತ್ತವೆ. ಲೋಕಲ್ ಗಾಡಿಯಲ್ಲಿ ನಿಂತು ಓದಿದವರು ತಾವೇ ಬಾಗಿಲು ತಟ್ಟಬೇಕು.

ತಂದೆತಾಯಂದಿರಿಗೆ ಇದು ತಡವಾಗಿ ತಿಳಿಯುತ್ತದೆ. ಬಾರ್ ಕೌನ್ಸಿಲಿನ 2008ರ ನಿಯಮದಂತೆ ಕಾನೂನು ಕಾಲೇಜು ಸೇರಲು ಸಾಮಾನ್ಯ ವರ್ಗದವರಿಗೆ ಶೇಕಡಾ 45 ಸಾಕು. ಅದನ್ನು ಕೇಳಿ ನಾವು ನಿಶ್ಚಿಂತರಾಗುತ್ತೇವೆ. "ಮೊದಲ ವರ್ಷ ಪಾಸಾದರಾಯಿತು, ಕೊನೆಗೆ ನೋಡೋಣ" ಎಂಬ ನಮ್ಮ ಹಳೆಯ ಮಾತು ಇಲ್ಲಿ ನಡೆಯದು. ಮೊದಲ ಸೆಮಿಸ್ಟರಿನ ಅಂಕಪಟ್ಟಿಯನ್ನೂ ಕೇಳುತ್ತಾರೆ. ಮನೆಯಲ್ಲಿ ಹುಡುಗಿಗೆ ಬಿಡುವು ಕೊಡುವುದಾದರೆ ಆ ವರ್ಷವೇ ಕೊಡಬೇಕು. ಹುಡುಗನಾದರೆ ಕೇಳದೆಯೇ ಕೊಡುತ್ತೇವೆ, ಅದು ಬೇರೆ ಮಾತು.

ಮುಂಬಯಿಯಲ್ಲಿ ಇನ್ನೊಂದು ಹಳೆಯ ದಾರಿಯಿದೆ. 1894ರಲ್ಲಿ ಸ್ಥಾಪಿತವಾದ ಬಾಂಬೆ ಇನ್‌ಕಾರ್ಪೊರೇಟೆಡ್ ಲಾ ಸೊಸೈಟಿ ಸಾಲಿಸಿಟರ್ ಪರೀಕ್ಷೆ ನಡೆಸುತ್ತದೆ. ಸಾಲಿಸಿಟರರ ಕೈಕೆಳಗೆ ಆರ್ಟಿಕಲ್ಡ್ ಕ್ಲಾರ್ಕ್ ಆಗಿ ಮೂರು ವರ್ಷ ದುಡಿದು ಈ ಪರೀಕ್ಷೆಗೆ ಕೂರಬೇಕು. ಪರೀಕ್ಷೆ ಬಲು ಕಠಿಣ. ಎರಡು ಮೂರು ಸಲ ಕೂತವರನ್ನು ನಮ್ಮ ಕಚೇರಿಯಲ್ಲೇ ಕಂಡಿದ್ದೇನೆ. ಆದರೆ ಅದನ್ನು ದಾಟಿದವರನ್ನು ಕಾಲೇಜಿನ ಶೇಕಡಾವಾರು ಕೇಳಿದ್ದನ್ನು ನಾನು ಕಾಣೆ.

ಹುಡುಗಿ ಈಗ ಆ ದಾರಿ ಹಿಡಿದಿದ್ದಾಳೆ. ಸಿಗುವ ಹಣ ರೈಲಿನ ಪಾಸಿಗೂ ಮಧ್ಯಾಹ್ನದ ವಡಾಪಾವಿಗೂ ಸರಿಹೋಗುತ್ತದೆ. ಮನೆಗೆ ಬರುವಾಗ ರಾತ್ರಿ ಒಂಬತ್ತು. ತಮ್ಮನ ಪಾಠ ಸದ್ಯಕ್ಕೆ ನನ್ನ ಪಾಲಿಗೆ ಬಂದಿದೆ. ಬೀಜಗಣಿತ ನನಗೂ ಹೊಸದಾಗಿ ಕಲಿಯುವಂತಾಗಿದೆ.